ಮಿಕ್ಕ ಬಣ್ಣದ ನಾಯಿ

ಹೋದ ವಾರ ನಮ್ಮ ಮುಂಬಾಗಿಲಿಗೆ ಎಣ್ಣೆ ಹಚ್ಚಲು ಬಂದ ಆಚಾರಿ, ಅಗಸೆ ಎಣ್ಣೆಯ ಡಬ್ಬದ ಮುಚ್ಚಳ ತೆಗೆದು ಅದಕ್ಕೆ ಒಂದಿಷ್ಟು ಟರ್ಪೆಂಟೈನ್ ಬೆರೆಸಿದ. ನಾನು ಅಡುಗೆಮನೆಯ ಬಾಗಿಲಲ್ಲಿ ಕಾಲು ಚಾಚಿ ಕೂತು ಸೊಪ್ಪು ಬಿಡಿಸುತ್ತಿದ್ದೆ. ವಾಸನೆ ಮೂಗಿಗೆ ಬಡಿದದ್ದೇ ತಡ, ಕಾಲು ಎಳೆದುಕೊಂಡು ಸೀರೆಯಲ್ಲಿ ಮುಚ್ಚಿಕೊಳ್ಳಲು ಹೋದೆ. ಮೈಮೇಲಿದ್ದದ್ದು ಸೀರೆಯಲ್ಲ, ನೈಟಿ. ಎದುರಿಗೆ ನನ್ನ ಕಾಲು ನೋಡುವವರು ಯಾರೂ ಇರಲಿಲ್ಲ. ಇಪ್ಪತ್ತು ವರ್ಷದ ಹಿಂದಿನ ಹೆದರಿಕೆಗೆ ಇನ್ನೂ ಇಷ್ಟು ಜೀವ ಇದೆಯಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು. ಸೊಪ್ಪು ಅರ್ಧಕ್ಕೆ ನಿಂತಿತು...

ಆಗ ನಾವು ಹೊಸೂರಿನ ಆಲಸನತ್ತಂನಲ್ಲಿ ಬಾಡಿಗೆಗಿದ್ದೆವು. ಎರಡು ಸಾವಿರದ ಇಸವಿ ದಾಟಿ ಮೂರೋ ನಾಲ್ಕೋ ವರ್ಷವಾಗಿತ್ತು. ನನ್ನ ಗಂಡನಿಗೆ ಬಿಡಿಭಾಗ ಮಾಡುವ ಒಂದು ಫ್ಯಾಕ್ಟರಿಯಲ್ಲಿ ಕೆಲಸ, ವಾರಕ್ಕೊಂದು ಶಿಫ್ಟು. ಜೊತೆಗೆ ಅತ್ತೆ. ಅವರು ಮಾಲೂರು ಕಡೆಯವರು. ಕನ್ನಡ, ತೆಲುಗು ಎರಡೂ ಅವರಿಗೆ ನೀರು ಕುಡಿದಷ್ಟು ಸಲೀಸು. ನಾನು ಮೈಸೂರಿನ ಪೇಟೆಯಲ್ಲಿ ಬೆಳೆದವಳು. ತಮಿಳು ಬಾರದು, ತೆಲುಗು ಅರ್ಧಂಬರ್ಧ. ತರಕಾರಿಯವಳು ಹೇಳಿದ್ದಕ್ಕೆಲ್ಲ ತಲೆಯಾಡಿಸಿ, ಬೇಡದ ಬದನೆಕಾಯಿ ಹೊತ್ತು ತರುತ್ತಿದ್ದೆ.

ಒಂದೇ ಗೇಟು, ಎರಡು ಮನೆ. ಹಿಂದಿನದು ನಮ್ಮದು. ಮುಂದಿನದರಲ್ಲಿ ಮನೆಯ ಯಜಮಾನರು ಒಬ್ಬರೇ ಇದ್ದರು. ಮೂರು ತಲೆಮಾರಿನಿಂದ ಹೊಸೂರಿನಲ್ಲೇ ನೆಲೆಸಿದ ತೆಲುಗು ಮನೆತನ. ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟರಾಗಿದ್ದು ನಿವೃತ್ತರಾದವರು. ಅದಕ್ಕಿಂತ ಹೆಚ್ಚಾಗಿ ಸತ್ತವರ ಪಟ ಬರೆಯುವುದರಲ್ಲಿ ಹೆಸರು ಮಾಡಿದವರು. ಬೀದಿಯ ತಮಿಳಿನವರು ಅವರನ್ನು ಪಡಕ್ಕಾರರ್ ಅನ್ನುತ್ತಿದ್ದರು, ನಾವು ಪಟದ ತಾತ ಅನ್ನುತ್ತಿದ್ದೆವು.

ಯಾರ ಮನೆಯಲ್ಲಾದರೂ ಸಾವಾದರೆ, ಹನ್ನೊಂದನೇ ದಿನದೊಳಗೆ ಒಂದು ಚಿಕ್ಕ ಫೋಟೋ ಹಿಡಿದುಕೊಂಡು ಜನ ಗೇಟಿನ ಮುಂದೆ ನಿಲ್ಲುತ್ತಿದ್ದರು. ಯಾರದೋ ಮದುವೆಯ ಗುಂಪಿನಲ್ಲಿ ಮೂರನೇ ಸಾಲಿನಲ್ಲಿ ನಿಂತ ಅಜ್ಜಿ, ಬಸ್ ಪಾಸಿನಲ್ಲಿ ಕಣ್ಣು ಅರ್ಧ ಮುಚ್ಚಿದ ಯಜಮಾನ... ತಾತ ಫೋಟೋ ನೋಡುವುದಕ್ಕಿಂತ ಹೆಚ್ಚಾಗಿ ಪ್ರಶ್ನೆ ಕೇಳುತ್ತಿದ್ದರು. ಹಣೆಯಲ್ಲಿ ಗೆರೆ ಇತ್ತೇ, ಎಲೆ ಅಡಿಕೆ ಹಾಕುತ್ತಿದ್ದರೇ, ನಗುವಾಗ ಯಾವ ಕಡೆ ತುಟಿ ಎಳೆಯುತ್ತಿತ್ತು. ಅವರ ಪಟಗಳೆಲ್ಲ ಎದೆಯವರೆಗೆ ಮಾತ್ರ. ಅದರಿಂದ ಕೆಳಗೆ ಹಾರವೇ ಮುಚ್ಚಿಬಿಡುತ್ತೆ, ಯಾರು ನೋಡುತ್ತಾರೆ ಎಂದು ನಗುತ್ತಿದ್ದರು. ಮೂವತ್ತು ವರ್ಷದ ಪಟಗಳಲ್ಲಿ ಅವರು ಒಂದು ಕೈಯನ್ನಾಗಲಿ, ಒಂದು ಕಾಲನ್ನಾಗಲಿ ಬರೆದದ್ದಿಲ್ಲವಂತೆ.

ನನಗೆ ಹೆದರಿಕೆಯಾಗುತ್ತಿದ್ದದ್ದು ಅವರ ಜಗಲಿ ದಾಟುವಾಗ. ನಲ್ಲಿ ಇದ್ದದ್ದು ಗೇಟಿನ ಪಕ್ಕ. ದಿನಾ ಬಿಂದಿಗೆ ಹಿಡಿದು ಅಲ್ಲಿಂದಲೇ ಹೋಗಬೇಕು. ಒಣಗಲು ಗೋಡೆಗೆ ಒರಗಿಸಿಟ್ಟ ಮುಖಗಳು ಸಾಲಾಗಿರುತ್ತಿದ್ದವು. ತಾತ ಕಣ್ಣುಗಳನ್ನು ಕಟ್ಟಕಡೆಗೆ ಬರೆಯುವವರು. ಅಲ್ಲಿಯವರೆಗೂ ಮೂಗು, ಬಾಯಿ, ಮೀಸೆ, ಓಲೆ ಎಲ್ಲ ಇದ್ದು, ಕಣ್ಣಿನ ಜಾಗದಲ್ಲಿ ಬರೀ ಎರಡು ಮಬ್ಬು ಗುಳಿ. ಒಂದು ದಿನ ಇದ್ದಕ್ಕಿದ್ದಂತೆ ಅವೆಲ್ಲ ಕಣ್ಣು ಬಿಟ್ಟುಕೊಂಡು ನನ್ನ ಬಿಂದಿಗೆಯನ್ನೇ ನೋಡುತ್ತಿರುತ್ತಿದ್ದವು. ನಾನು ಬಸುರಿಯಾದ ಮೇಲೆ ಅತ್ತೆ ನೀರು ತರುವ ಕೆಲಸ ತಾವೇ ವಹಿಸಿಕೊಂಡರು. ಭಾರ ಎತ್ತಬಾರದು ಅನ್ನುವುದು ನೆಪ. ನಿಜವಾದ ಕಾರಣ ಆ ಜಗಲಿ.

ತಾತ ಮಾತ್ರ ಸಾಧು ಮನುಷ್ಯ. ಅವರ ಕನ್ನಡ ತೆಲುಗಿನ ಅಚ್ಚಿನಲ್ಲಿ ಬರುತ್ತಿತ್ತು. ಹೆಂಗಸರನ್ನೆಲ್ಲ 'ಅದು' ಅನ್ನುತ್ತಿದ್ದರು. 'ಅದು ಊಟ ಮಾಡ್ತಾ?', 'ಅದು ಆಸ್ಪತ್ರೆಗೆ ಹೋಯ್ತಾ?' ಎಂದು ನನ್ನ ಬಗ್ಗೆ ಅತ್ತೆಯನ್ನು ವಿಚಾರಿಸುವಾಗ ಮೊದಮೊದಲು ನನಗೆ ಉರಿದುಹೋಗುತ್ತಿತ್ತು. ನಾನೇನು ಎಮ್ಮೆಯೇ ಎಂದು ಗಂಡನ ಹತ್ತಿರ ಜಗಳ ತೆಗೆದಿದ್ದೆ. ತೆಲುಗಿನಲ್ಲಿ ಹೆಣ್ಣಿಗೂ ವಸ್ತುವಿಗೂ ಕ್ರಿಯಾಪದ ಒಂದೇ, ತಾತನದು ಬೇಕೆಂದು ಆಡುವ ಮಾತಲ್ಲ ಎಂದು ಅವರು ಸಮಾಧಾನ ಹೇಳಿದ್ದರು.

ತಾತನ ಜೊತೆಗಿದ್ದದ್ದು ಕೆಂಚ. ಬೀದಿಯಲ್ಲಿ ಹುಟ್ಟಿ ಅವರ ಮನೆಗೆ ತಾನಾಗಿಯೇ ಸೇರಿಕೊಂಡ ಕಂದು ಬಣ್ಣದ ನಾಯಿ. ಒಂದು ಕಿವಿ ನೆಟ್ಟಗೆ, ಇನ್ನೊಂದು ಯಾವುದೋ ಜಗಳದಲ್ಲಿ ಹರಿದು ಜೋತುಬಿದ್ದದ್ದು. ಉಣ್ಣುವುದು ತಾತನ ಮನೆಯಲ್ಲಿ, ಮಲಗುವುದು ನಮ್ಮ ಮನೆಯಲ್ಲಿ. ನಮ್ಮ ನಡುಮನೆಗೆ ಕೆಂಪು ಗಾರೆ ನೆಲ, ಬಾಗಿಲಿನ ಒಳಪಕ್ಕ ಬೇಸಿಗೆಯಲ್ಲೂ ತಣ್ಣಗಿರುತ್ತಿತ್ತು. ಅತ್ತೆ ಪೊರಕೆ ಎತ್ತಿದರೆ ಎದ್ದು ಹೊರಗೆ ಹೋಗಿ, ಪೊರಕೆ ಇಟ್ಟ ಸದ್ದು ಕೇಳಿದ ಕೂಡಲೇ ವಾಪಸು ಬರುತ್ತಿತ್ತು. ಮಧ್ಯಾಹ್ನ ನಾನು ಗೋಡೆಗೊರಗಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರೆ, ನನ್ನ ಪಾದದ ಪಕ್ಕವೇ ಅದರ ಮೂತಿ.

ನನಗೆ ಏಳು ತಿಂಗಳು ತುಂಬಿದ ದಿನಗಳು. ಅಂಥ ಒಂದು ಮಧ್ಯಾಹ್ನ ತಾತ ಕೈಯಲ್ಲಿ ಬಣ್ಣದ ತಟ್ಟೆ, ಒಂದು ತುಂಡು ಹಾರ್ಡ್‌ಬೋರ್ಡು ಹಿಡಿದು ನಮ್ಮ ಬಾಗಿಲಾಚೆ ಮುಕ್ಕಾಲಿ ಹಾಕಿಕೊಂಡು ಕೂತರು. ನಾಯಿ ಚೆನ್ನಾಗಿ ಮಲಗಿದೆ, ಅದನ್ನು ಒಂದು ಸಲ ಬರೆದುಕೊಳ್ಳುತ್ತೇನೆ, ನೀನು ಅಲ್ಲಾಡಬೇಡಮ್ಮ, ನೀನು ಎದ್ದರೆ ಅದೂ ಎದ್ದುಬಿಡುತ್ತೆ ಅಂದರು. ಅತ್ತೆ ಒಳಗೆ ಮಲಗಿದ್ದರು. ಅರ್ಧ ಗಂಟೆಯೂ ಆಗಿರಲಿಲ್ಲ, ಮುಗಿಯಿತು. ಜೀವವಿರುವ ಒಂದನ್ನು ಎದುರಿಗಿಟ್ಟುಕೊಂಡು ಬರೆದು ಎಷ್ಟು ಕಾಲವಾಗಿತ್ತೋ, ಎದ್ದು ಹೋಗುವಾಗ ತಾತನ ಮುಖ ಹುಡುಗನ ಮುಖದಂತೆ ಹೊಳೆಯುತ್ತಿತ್ತು.

ಎರಡು ದಿನ ಬಿಟ್ಟು ಭಾನುವಾರ ಅದನ್ನು ತಂದು ನನ್ನ ಕೈಗೆ ಕೊಟ್ಟರು. ಅಂಗೈ ಎರಡು ಜೋಡಿಸಿದಷ್ಟು ಅಗಲದ ಎಣ್ಣೆಬಣ್ಣದ ಚಿತ್ರ. ಹತ್ತಿರದಿಂದ ನೋಡಿದರೆ ಬರೀ ಬಣ್ಣದ ಮುದ್ದೆ. ಒಂದು ಹೆಜ್ಜೆ ಹಿಂದೆ ಸರಿದರೆ ಕೆಂಚ. ಕೆಂಪು ನೆಲ, ಅದರ ಮೇಲೆ ಬಾಗಿಲಿಂದ ಬಿದ್ದ ಬಿಸಿಲಿನ ಪಟ್ಟಿ, ಸ್ಟೀಲಿನ ಬಕೆಟ್ಟು, ಹರಿದ ಕಿವಿ ಮಡಚಿ ಮಲಗಿದ ನಾಯಿ. ಉಸಿರಾಡುತ್ತಿದೆ ಅನ್ನಿಸುವ ಹೊಟ್ಟೆ. ಬಲಗಡೆ ಮೂಲೆಯಲ್ಲಿ ನನ್ನ ಎರಡು ಪಾದ. ನನ್ನ ಗಂಡ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಮೆಚ್ಚಿಕೊಂಡರು, ಆಮೇಲೆ ನಕ್ಕರು.

"ಸಾರ್, ನಾಯಿ ಸೂಪರ್. ಕಾಲ್ ಮಾತ್ರ ಆನೆ ಕಾಲ್ ಆಗೋಗಿದೆ."

ನಿಜವಾಗಿಯೂ ಹಾಗೇ ಇತ್ತು. ಗೆಣ್ಣೇ ಇಲ್ಲದ, ಬೆರಳುಗಳು ಒಂದಕ್ಕೊಂದು ಅಂಟಿಕೊಂಡ ಎರಡು ದಿಂಡು. ಕಾಲುಂಗುರ ಮಾಂಸದೊಳಗೆ ಹೂತುಹೋಗಿತ್ತು. ನಾನೂ ನಕ್ಕೆ, ಅತ್ತೆಯೂ ನಕ್ಕರು. ಎದೆಯವರೆಗೆ ಮಾತ್ರ ಬರೆದು ರೂಢಿ, ಕಾಲು ಬರೆಯಲು ಕೈ ಎಲ್ಲಿಂದ ಬರಬೇಕು ಎಂದು ನನ್ನ ಗಂಡ ತಮಾಷೆ ಮಾಡಿದರು. ತಾತ ನಗಲಿಲ್ಲ. ಚಿತ್ರವನ್ನು ನೋಡಿದರು, ಬಾಗಿ ನನ್ನ ಪಾದ ನೋಡಿದರು. ನಾನು ಪಾದ ಎಳೆದು ಸೀರೆಯೊಳಗೆ ಮುಚ್ಚಿಕೊಂಡೆ.

"ನಾನು ಇರೋದ್ನೇ ಬರ್ದಿದ್ದು," ಅಂದರು ಮೆಲ್ಲಗೆ.

ಅಷ್ಟಕ್ಕೇ ಮುಗಿದಿದ್ದರೆ ಅದೊಂದು ನಗೆಯ ಪ್ರಸಂಗವಾಗಿ ಉಳಿಯುತ್ತಿತ್ತು. ಅತ್ತೆ ಔಪಚಾರಿಕವಾಗಿ, ನಮಗೋಸ್ಕರ ಯಾಕಣ್ಣ ಇಷ್ಟು ಬಣ್ಣ ದಂಡ ಮಾಡಿದಿರಿ ಅಂದರು. ತಾತ ಸತ್ಯ ಹೇಳಿದರು. ದಂಡವೇನಿಲ್ಲ, ತಟ್ಟೆಯಲ್ಲಿ ಕಲೆಸಿದ ಬಣ್ಣ ಮತ್ತೆ ಟ್ಯೂಬಿನೊಳಗೆ ಹೋಗುವುದಿಲ್ಲ, ಒಂದು ಪಟ ಮುಗಿದ ಮೇಲೆ ಮಿಕ್ಕದ್ದನ್ನು ಹೀಗೆ ಬಳಸಿಬಿಡುತ್ತೇನೆ ಅಂದರು. ಅತ್ತೆಯ ನಗು ಅಲ್ಲೇ ನಿಂತಿತು. ಆ ವಾರ ಜಗಲಿಯಲ್ಲಿದ್ದದ್ದು ಯಾರ ಪಟ ಎಂದು ಅವರಿಗೆ ಗೊತ್ತಿತ್ತು. ರಾಯಕೋಟೆ ರಸ್ತೆಯಲ್ಲಿ ಲಾರಿಗೆ ಸಿಕ್ಕಿ ಸತ್ತ ಒಬ್ಬ ಹೆಣ್ಣುಮಗಳದು. ಅವಳ ಕೆನ್ನೆಗೆ ಕಲೆಸಿದ ಬಣ್ಣವೇ ನನ್ನ ಪಾದಕ್ಕೆ ಬಂದಿತ್ತು.

ಅತ್ತೆ ಕಿರುಚಾಡುವ ಹೆಂಗಸಲ್ಲ. ಸಿಟ್ಟು ಬಂದಷ್ಟೂ ಅವರ ದನಿ ಇಳಿಯುತ್ತಿತ್ತು. ಆ ಕಾಲುಗಳನ್ನು ಈಗಲೇ, ನನ್ನ ಕಣ್ಣ ಮುಂದೆ ಒರೆಸಿಬಿಡಿ ಅಂದರು. ತಾತ ಹೋಗಿ ಟರ್ಪೆಂಟೈನಿನಲ್ಲಿ ಬಟ್ಟೆ ಅದ್ದಿ ತಂದರು. ಬಣ್ಣ ಇನ್ನೂ ಹಸಿಯಾಗಿತ್ತು. ಎರಡು ಸಲ ಉಜ್ಜಿದ್ದಕ್ಕೆ ಪಾದ ಹೋಗಿ, ನಾಯಿಯ ಪಕ್ಕ ಒಂದು ಕಂದು ಕಲೆ ಉಳಿಯಿತು. ಯಾರೋ ಅಲ್ಲಿ ಕೂತಿದ್ದು ಎದ್ದು ಹೋದಂತೆ... ಆ ಕಲೆ ಪಾದಕ್ಕಿಂತ ಹೆಚ್ಚು ಹೆದರಿಸುವಂತಿತ್ತು. ಅತ್ತೆಗೂ ಹಾಗೇ ಅನ್ನಿಸಿರಬೇಕು. ಬರೆದದ್ದು ಒಂದು ತಪ್ಪು, ಬದುಕಿರುವವಳನ್ನು ಒರೆಸಿಹಾಕಿದ್ದು ಇನ್ನೊಂದು ತಪ್ಪು ಎಂದು ಆಮೇಲೆ ಗೊಣಗುತ್ತಿದ್ದರು. ಒರೆಸಲು ಹೇಳಿದ್ದು ತಾವೇ ಎಂಬುದು ಅವರ ನೆನಪಿಗೆ ಬರಲಿಲ್ಲ, ನೆನಪಿಸುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಮಾರನೆಯ ಬೆಳಿಗ್ಗೆ ನಾನು ಬಟ್ಟೆ ಒಣಗಿಹಾಕುತ್ತಿದ್ದಾಗ ತಾತ ಹತ್ತಿರ ಬಂದು ನಿಂತರು. ರಾತ್ರಿ ನಿದ್ದೆ ಮಾಡಿದ ಮುಖವಾಗಿರಲಿಲ್ಲ. ಇನ್ನೊಂದು ಸಲ ಕಾಲು ತೋರಿಸುತ್ತೀಯಾ ಎಂದು ಕೇಳಿದರು. ನನಗೆ ನಾಚಿಕೆ, ಅವಮಾನ, ಏನೇನೋ ಆಯಿತು. ಅವರು ಮಾತ್ರ ಬೇರೆ ಯಾವ ಲೋಕದಲ್ಲಿಯೋ ಇದ್ದಂತೆ ಹೇಳಿಕೊಂಡು ಹೋದರು.

"ನಮ್ಮ ಮನೇದು ಕಾಲೂ ಹಿಂಗೇ ಇತ್ತಮ್ಮ. ಏಳೇ ತಿಂಗಳು. ಯಾರೂ ನೋಡ್ಲಿಲ್ಲ, ನಾನೂ ನೋಡ್ಲಿಲ್ಲ. ಡಾಕ್ಟರ್‌ಗೆ ತೋರ್ಸಮ್ಮ, ಇವತ್ತೇ ತೋರ್ಸು."

ಮೂವತ್ತು ವರ್ಷದ ಹಿಂದೆ ಅವರ ಹೆಂಡತಿ ಹೊಟ್ಟೆಯಲ್ಲಿದ್ದ ಕೂಸಿನ ಸಮೇತ ತೀರಿಕೊಂಡಿದ್ದರು. ತಾತ ಬರೆದ ಮೊಟ್ಟಮೊದಲ ಪಟ ಆಕೆಯದೇ ಎಂದು ಬೀದಿಯವರಿಂದ ಕೇಳಿದ್ದೆ. ಆದರೆ ಅವರ ಬಾಯಿಂದ ಆಕೆಯ ಮಾತು ಬಂದದ್ದು ಅದೊಂದೇ ಸಲ. ನನ್ನ ದುರದೃಷ್ಟಕ್ಕೆ ಅತ್ತೆ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದರು.

"ಸತ್ತೋಗಿರೋಳ ಜತೆ ನನ್ನ ಸೊಸೆ ಸಾಟಿನಾ? ಅಣ್ಣಾ, ನೀವು ಈ ಕಡೆ ಬರ್ಬೇಡಿ. ಮನೆ ನಿಮ್ದೇ ಇರ್ಬೋದು, ಬರ್ಬೇಡಿ."

ತಾತ ಹೋದರು. ಕೆಂಚ ಸ್ವಲ್ಪ ಹೊತ್ತು ಇಬ್ಬರ ಮನೆಯ ನಡುವೆ ನಿಂತಿದ್ದು, ಆಮೇಲೆ ನಮ್ಮ ಮನೆಯೊಳಗೇ ಬಂದು ಮಲಗಿತು.

ನಾನು ಒಳಗೆ ಹೋಗಿ ಮಂಚದ ಮೇಲೆ ಕೂತು ಕಾಲುಂಗುರ ತೆಗೆಯಲು ನೋಡಿದೆ. ಬರಲಿಲ್ಲ. ಸೋಪು ಹಚ್ಚಿ ಎಳೆದೆ, ಆದರೂ ಬರಲಿಲ್ಲ. ಬೆರಳಿಂದ ಪಾದ ಒತ್ತಿದರೆ ಬಿದ್ದ ಗುಳಿ ತುಂಬಿಕೊಳ್ಳಲು ಬಹಳ ಹೊತ್ತು ಹಿಡಿಯುತ್ತಿತ್ತು. ಹಾಗಿದ್ದರೆ ತಾತನ ಕೈ ತಪ್ಪಿರಲಿಲ್ಲ. ಅದು ನನಗೆ ಆ ಹೊತ್ತೇ ತಿಳಿಯಿತು. ಇದನ್ನು ನಾನು ಯಾರಿಗೂ ಹೇಳಿಲ್ಲ, ಈಗ ಬರೆಯುತ್ತಿದ್ದೇನೆ. ಅತ್ತೆಗೆ ತೋರಿಸಿದಾಗ, ಏಳು ತಿಂಗಳಿಗೆ ಎಲ್ಲರಿಗೂ ಊದುತ್ತೆ, ನನಗೂ ಊದಿತ್ತು, ಗಂಡು ಹುಟ್ಟಿತು ಅಂದರು. ಆ ಮಾತು ನನಗೆ ಬೇಕಾಗಿತ್ತು, ನಂಬಿಕೊಂಡೆ.

ಆ ಶುಕ್ರವಾರ ನಾನು ತಿಂಗಳ ತಪಾಸಣೆಗೆ ಹೋಗಬೇಕಿತ್ತು. ನರ್ಸು ಬರೆದುಕೊಟ್ಟ ಚೀಟಿ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿತ್ತು. ಅತ್ತೆ ಬೇಡವೆಂದರು. ಸತ್ತವರ ಬಣ್ಣ ಮೈಗೆ ತಾಗಿದೆ, ಗಾಳಿ ಗ್ರಹ ನೋಡಿಸಿ ಶಾಂತಿಯಾಗುವವರೆಗೆ ಹೊಸ್ತಿಲು ದಾಟುವುದು ಬೇಡ. ನಿಂಬೆಹಣ್ಣು ಇಳಿ ತೆಗೆದರು. ಯಾರೋ ಒಬ್ಬರಿಂದ ತಾಯತ ತಂದು ತೋಳಿಗೆ ಕಟ್ಟಿದರು. ಚಿತ್ರವನ್ನು ಬಚ್ಚಲ ಒಲೆಗೆ ಹಾಕಿದರು. ಎಣ್ಣೆ ಹೀರಿದ ಹಲಗೆಯಲ್ಲವೇ, ಭಗ್ಗೆಂದು ಹತ್ತಿಕೊಂಡು, ಆ ವಾಸನೆ ಮೂರು ದಿನ ಬಚ್ಚಲಲ್ಲೇ ಇತ್ತು. ಗಂಡ ಮೊದಮೊದಲು ಆಸ್ಪತ್ರೆಗೆ ಹೋಗಿ ಬಾ ಅಂದರು, ಆಮೇಲೆ ತಾಯಿಯ ಹಟಕ್ಕೆ ಸುಮ್ಮನಾದರು. ನನಗಾದರೂ ಬಾಯಿರಲಿಲ್ಲವೇ. ಇತ್ತು. ಆದರೆ ನನ್ನೊಳಗೂ ಒಂದು ಅಳುಕು ಹೊಕ್ಕಿತ್ತು. ಜಗಲಿಯ ಕಣ್ಣಿಲ್ಲದ ಮುಖಗಳ ನಡುವೆ ನನ್ನದೂ ಒಂದನ್ನು ಕಾಣುತ್ತಿದ್ದೆ.

ತಾತ ಆಮೇಲೆ ಮೂರು ವಾರ ನಮ್ಮ ಕಡೆ ತಲೆ ಹಾಕಲಿಲ್ಲ. ಆದರೆ ದಿನವೂ ಬೆಳಿಗ್ಗೆ ಗಂಡ ಕೆಲಸಕ್ಕೆ ಹೊರಡುವಾಗ ಗೇಟಿನ ಹತ್ತಿರ ನಿಂತು, ತೋರಿಸಿದಿರಾ ಎಂದು ಕೇಳುತ್ತಿದ್ದರಂತೆ. ತೋರಿಸಿದೆವು ಸಾರ್ ಎಂದು ಇವರು ಸುಳ್ಳು ಹೇಳುತ್ತಿದ್ದರಂತೆ. ನನಗೆ ಇದು ಗೊತ್ತಾದದ್ದು ಎಲ್ಲ ಮುಗಿದ ಮೇಲೆ.

ತಲೆನೋವು ಶುರುವಾಯಿತು. ಕಣ್ಣ ಮುಂದೆ ಮಿಣುಕು ಹುಳುಗಳಂತೆ ಏನೋ ಹಾರಾಡುತ್ತಿದ್ದವು. ಒಂದು ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ಒಲೆ ಮುಂದೆ ನಿಂತಿದ್ದವಳಿಗೆ ಕೈ ಸೆಟೆದುಕೊಂಡದ್ದು ನೆನಪು, ಅಷ್ಟೆ. ಕೆಂಚ ಬೊಗಳಿ ಬೊಗಳಿ ಬೀದಿ ಸೇರಿಸಿತಂತೆ. ಆಟೋ ಹಿಡಿದು ತಂದದ್ದು, ನನ್ನನ್ನು ಎತ್ತಿ ಕೂರಿಸಿದ್ದು ತಾತನೇ ಅಂತೆ. ಅತ್ತೆ ಆಗ ಬೇಡ ಅನ್ನಲಿಲ್ಲ. ಹೊಸೂರಿನಿಂದ ಬೆಂಗಳೂರಿಗೆ ಕಳಿಸಿದರು. ನನಗೆ ಮೂರನೇ ದಿನ ಪೂರ್ತಿ ಎಚ್ಚರವಾಯಿತು. ಹೊಟ್ಟೆ ಹಗುರವಾಗಿತ್ತು. ಪಕ್ಕದಲ್ಲಿ ಕೂತಿದ್ದ ಅತ್ತೆಯ ಮುಖ ನೋಡಿದೆ, ಕೇಳಲಿಲ್ಲ. ಗಂಡು ಮಗುವಾಗಿತ್ತು.

ಅತ್ತೆಯನ್ನು ರಾಕ್ಷಸಿ ಮಾಡಿ ಬರೆದರೆ ನನಗೆ ಒಳ್ಳೆಯದಾಗುವುದಿಲ್ಲ. ಹದಿನೈದು ದಿನ ಆಸ್ಪತ್ರೆಯ ನೆಲದ ಮೇಲೆ ಮಲಗಿ ನನಗೆ ಗಂಜಿ ಕುಡಿಸಿದವರು ಅವರೇ. ನನಗಿಂತ ಹೆಚ್ಚು ಅತ್ತವರೂ ಅವರೇ. ಆದರೆ ಆ ದುಃಖಕ್ಕೆ ಅವರಿಗೆ ಯಾರಾದರೂ ಬೇಕಿತ್ತು. ಎರಡನೇ ದಿನ, ನಾನು ಇನ್ನೂ ಮಂಪರಿನಲ್ಲಿದ್ದಾಗ, ಬಟ್ಟೆಬರೆ ತರಲು ಆಲಸನತ್ತಂಗೆ ಹೋಗಿ ಬಂದರು. ಗೇಟಿನ ಹತ್ತಿರ ತಾತ ಕೈಮುಗಿದು ನಿಂತಿದ್ದರಂತೆ. ತೆಲುಗಿನಲ್ಲಿ, ಹೇಗಿದೆಯಮ್ಮ ಎಂದು ಕೇಳಿದರಂತೆ. ಇದನ್ನು ಅತ್ತೆಯೇ ನನಗೆ ಎಷ್ಟೋ ಸಲ ಹೇಳಿದ್ದಾರೆ, ಹೇಳುವಾಗಲೆಲ್ಲ ಆ ಗತ್ತು ದನಿಗೆ ಬರುತ್ತಿತ್ತು.

"ಪೋಯಿಂದಿ ಅಂದೆ. ನಿನ್ ಕೈ ತಾಗೇ ಪೋಯಿಂದಿ, ಇನ್ ನಿನ್ ಮುಖ ತೋರಿಸ್ಬೇಡ ಅಂತ ಮುಖಕ್ಕೆ ಹೊಡ್ದಂಗ್ ಹೇಳ್ಬುಟ್ಟು ಬಂದೆ."

ಪೋಯಿಂದಿ. ಹೋಯಿತು. ಮಗು ಹೋದದ್ದು ನನಗೆ ಗೊತ್ತಿತ್ತಲ್ಲ, ಆ ಮಾತಿನಲ್ಲಿ ನನಗೆ ಬೇರೇನೂ ಕೇಳಿಸಲಿಲ್ಲ.

ನಾನು ಆಸ್ಪತ್ರೆಯಿಂದ ನೇರ ಮೈಸೂರಿಗೆ, ತವರಿಗೆ ಹೋದೆ. ಸಾಮಾನು ಖಾಲಿ ಮಾಡಲು ಗಂಡ ತಾವು ಹೋಗದೆ ಫ್ಯಾಕ್ಟರಿಯ ಗೆಳೆಯನಿಗೆ ಟೆಂಪೋ ಕೊಟ್ಟು ಕಳಿಸಿದರು. ಮುಂದಿನ ಮನೆಯ ಬಾಗಿಲು ತೆರೆಯಲೇ ಇಲ್ಲ, ಬೀಗದಕೈಯನ್ನು ಕಿಟಕಿಯಲ್ಲಿಟ್ಟು ಬಂದೆ ಎಂದು ಅವನು ಹೇಳಿದ. ನಾಲ್ಕು ತಿಂಗಳ ಮೇಲೆ ನಾನು ಹೊಸೂರಿಗೆ ವಾಪಸು ಬಂದಾಗ ಊರಿನ ಇನ್ನೊಂದು ಅಂಚಿನ ಅವಲಪಲ್ಲಿಯಲ್ಲಿ ಮನೆ ಮಾಡಿದ್ದರು. ಹಳೆಯ ಬೀದಿಯಲ್ಲಿ ಹೂ ಮಾರುತ್ತಿದ್ದ ಹೆಂಗಸು ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದಳು. ನನ್ನನ್ನು ಕಂಡು ಒಂದು ಕ್ಷಣ ಬೆಚ್ಚಿದಳು, ಯಾಕೆಂದು ನಾನು ಕೇಳಲಿಲ್ಲ. ತಾತನ ಹತ್ತಿರ ಪಟ ಬರೆಸಲು ಜನ ಬರುವುದು ನಿಂತುಹೋಯಿತು, ಬದುಕಿದ್ದವಳ ಕಾಲು ಬರೆದು ಮನೆ ಹಾಳು ಮಾಡಿದ ಎಂದು ಬೀದಿಯೆಲ್ಲ ಆಡಿಕೊಂಡಿತು, ಆತ ಮನೆಗೆ ಬೀಗ ಹಾಕಿ ನಾಯಿಯನ್ನು ಕರೆದುಕೊಂಡು ಉದ್ದನಪಲ್ಲಿಯ ತಂಗಿಯ ಮನೆಗೆ ಹೋಗಿಬಿಟ್ಟ ಅಂದಳು. ಆ ಚಿತ್ರದಲ್ಲಿ ಜೀವವಿದ್ದದ್ದು ಎರಡು. ನಾಯಿ ಗುಂಡುಕಲ್ಲಿನ ಹಾಗಿತ್ತು. ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ನಾನು ಆಗಲೇ ಹೋಗಬಹುದಿತ್ತು. ಹೋಗಲಿಲ್ಲ. ಅತ್ತೆಗೆ ಹೆದರಿ ಅನ್ನುವುದು ಅರ್ಧ ನಿಜ. ಉಳಿದರ್ಧ, ನನಗೂ ಒಬ್ಬರು ಬೇಕಿತ್ತು. ತಾತನ ಕೈಯ ದೋಷ ಅಂದುಕೊಂಡರೆ, ಕಾಲುಂಗುರ ತೆಗೆಯಲಾಗದೆ ಮಂಚದ ಮೇಲೆ ಕೂತಿದ್ದ ಆ ಹೊತ್ತನ್ನು ನಾನು ಮರೆಯಬಹುದಿತ್ತು...

ಐದು ವರ್ಷದ ಮೇಲೆ ಮತ್ತೆ ಬಸುರಿಯಾದೆ. ಅಷ್ಟರಲ್ಲಿ ಅತ್ತೆ ತೀರಿಕೊಂಡಿದ್ದರು. ಈ ಸಲ ತೋರಿಸುತ್ತಿದ್ದ ಡಾಕ್ಟರಮ್ಮ ಪ್ರತಿ ಸಲವೂ ಮೊದಲು ನನ್ನ ಪಾದವನ್ನು ಒತ್ತಿ ನೋಡುತ್ತಿದ್ದರು. ಹಿಂದಿನ ಸಲ ಬಿಪಿ ಏರಿತ್ತು, ಅದಕ್ಕೇ ಫಿಟ್ಸ್ ಬಂದದ್ದು, ಮೂರು ವಾರ ಮೊದಲೇ ಬಂದಿದ್ದರೆ ಮಗು ಉಳಿಯುತ್ತಿತ್ತೇನೋ ಅಂದರು. ಅಷ್ಟು ಊದಿದ್ದನ್ನು ಮನೆಯಲ್ಲಿ ಯಾರೂ ನೋಡಲಿಲ್ಲವಾ ಎಂದು ಕೇಳಿದರು. ಇಲ್ಲ ಅಂದೆ. ಅದು ಸುಳ್ಳು, ತಾತ ನೋಡಿದ್ದರು. ಮಗಳು ಹುಟ್ಟಿ ಒಂದು ವರ್ಷ ತುಂಬಿದ ಮೇಲೆ ಒಂದು ದಿನ, ಗಂಡನಿಗೆ ಹೇಳದೆ, ಅವಳನ್ನು ಎತ್ತಿಕೊಂಡು ರಾಯಕೋಟೆ ಬಸ್ಸು ಹತ್ತಿದೆ. ತಾತನಿಗೆ ಮಗುವನ್ನು ತೋರಿಸಬೇಕು, ಕಾಲಿಗೆ ಬೀಳಬೇಕು, ನೀವು ನೋಡಿದ್ದೇ ಸರಿ ಅನ್ನಬೇಕು. ದಾರಿಯುದ್ದಕ್ಕೂ ಇದನ್ನೇ ಬಾಯಿಪಾಠ ಮಾಡಿಕೊಂಡೆ.

ಉದ್ದನಪಲ್ಲಿಯಲ್ಲಿ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಡ್ರಾಯಿಂಗ್ ಮೇಷ್ಟರ ತಂಗಿ ಅಂದರೆ ಎಲ್ಲರಿಗೂ ಗೊತ್ತು. ಟೊಮೇಟೊ ತೋಟದ ಪಕ್ಕದ ಹೆಂಚಿನ ಮನೆ. ಬಾಗಿಲು ತೆರೆದ ಅಜ್ಜಿ ನನ್ನ ಮುಖ ನೋಡಿದವರು ಹಾಗೇ ಎರಡು ಹೆಜ್ಜೆ ಹಿಂದೆ ಹೋಗಿ ಗೋಡೆಗೆ ಒರಗಿದರು. ನಾನು ಯಾರೆಂದು ಹೇಳಲು ಹೊರಟವಳು, ಅವರ ಭುಜದ ಮೇಲಿನಿಂದ ಒಳಗೆ ನೋಡಿದೆ.

ಎದುರು ಗೋಡೆಯಲ್ಲಿ ಎರಡು ಪಟಗಳಿದ್ದವು. ಒಂದು ತಾತನ ಫೋಟೋ, ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿದ್ದು, ಹಾರ ಇನ್ನೂ ಹೊಸದು. ಅದರ ಪಕ್ಕದಲ್ಲಿ ನಾನಿದ್ದೆ.

ಎದೆಯವರೆಗೆ. ಹಸಿರು ಸೀರೆ, ಒಂದೆಳೆ ಸರ, ಇಪ್ಪತ್ಮೂರು ವರ್ಷದ ಮುಖ. ಗಾಜಿನ ಮೇಲೆ ಹಣೆಯ ಜಾಗಕ್ಕೆ ದಿನಾ ಕುಂಕುಮ ಇಟ್ಟು ಇಟ್ಟು ಗಟ್ಟಿ ಬೊಟ್ಟಾಗಿತ್ತು. ಕನಕಾಂಬರದ ಹಾರ. ಕೆಳಗೆ ಉರಿಯುತ್ತಿರುವ ದೀಪ.

ಅಜ್ಜಿಯ ಬಾಯಿಂದ ಒಂದೊಂದೇ ಮಾತು ಬಂತು. ತಾತ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಅದಕ್ಕೆ ಎರಡು ವರ್ಷ ಮುಂಚೆ ಕೆಂಚ ಹೋಗಿತ್ತು. ಹೊಸೂರಿನಿಂದ ಬರುವಾಗ ತಾತ ಹಳೆಯ ಸಾಮಾನೆಲ್ಲ ಅಲ್ಲೇ ಬಿಟ್ಟು, ಬಣ್ಣದ ಪೆಟ್ಟಿಗೆಯೊಂದನ್ನು ತಂದಿದ್ದರಂತೆ. ಬಂದ ವಾರವೇ ಬಾಗಿಲು ಹಾಕಿಕೊಂಡು ಇದನ್ನು ಬರೆದರಂತೆ.

"ಫೋಟೋ ಇಲ್ದೆ ಅಣ್ಣ ಬರ್ದಿದ್ದು ಇದೊಂದೇ ಕಣಮ್ಮ. ಆಮೇಲೆ ಕುಂಚ ಮುಟ್ಲಿಲ್ಲ. ದಿನಾ ಬೆಳಗ್ಗೆ ಸ್ನಾನ ಮಾಡಿ ಹೂವ ಇಟ್ಟು, ನಾನು ಬರೀಬಾರ್ದಾಗಿತ್ತು, ನನ್ ಕೈಯಿಂದ ಹೋಯ್ತು ಅಂತಿದ್ದ. ಪೋಯಿಂದಿ ಅಂತ ನಿಮ್ಮತ್ತೇನೇ ಹೇಳಿದ್ರಂತಲ್ಲಮ್ಮ."

ಹೌದು, ಹೇಳಿದ್ದರು. ಅತ್ತೆ ಹೇಳಿದ್ದು ಮಗುವಿನ ಮಾತು. ತಾತ ಕೇಳಿದ್ದು ನನ್ನನ್ನು. ಹೆಣ್ಣಿಗೂ ವಸ್ತುವಿಗೂ ಒಂದೇ ಆದ ಆ ಕ್ರಿಯಾಪದದಲ್ಲಿ, ಹೋಯಿತು ಅಂದದ್ದು ಅವರ ಕಿವಿಗೆ ಹೋದಳು ಎಂದು ಬಿದ್ದಿತ್ತು. ಆ ಗೇಟಿನ ಹತ್ತಿರ ಇಬ್ಬರೂ ಒಂದೇ ಭಾಷೆಯಲ್ಲಿ ಮಾತಾಡಿಕೊಂಡು, ಇಬ್ಬರೂ ಬೇರೆ ಬೇರೆ ಸಾವನ್ನು ಹೊತ್ತುಕೊಂಡು ಹೋಗಿದ್ದರು. ನಾನು ಅಲ್ಲೇ ಹೊಸ್ತಿಲ ಮೇಲೆ ಕೂತೆ. ಮಗಳು ಕೆಳಗಿಳಿದು ದೀಪದ ಕಡೆ ಅಂಬೆಗಾಲಿಟ್ಟು ಹೋಗಿ, ಪಟ ನೋಡಿ, ಅಮ್ಮ ಅಂದಳು.

ಅಜ್ಜಿ ಕಣ್ಣೊರೆಸಿಕೊಂಡು, ಬದುಕಿರುವವಳ ಪಟಕ್ಕೆ ಹಾರ ಇರಬಾರದು, ತೆಗೆದುಬಿಡು, ನೀನೇ ತೆಗೆಯಮ್ಮ ಅಂದರು. ಎದ್ದೆ. ಹಾರ ತೆಗೆದೆ. ಕುಂಕುಮ ಒರೆಸಲು ಸೆರಗು ಎತ್ತಿದವಳ ಕೈ ಗಾಜಿನ ಹತ್ತಿರ ನಿಂತುಹೋಯಿತು. ಹಾಗೇ ಬಿಟ್ಟರೆ ಅದು ಸತ್ತವಳ ಹಣೆ. ಒರೆಸಿದರೆ ಮುತ್ತೈದೆಯ ಹಣೆಯ ಕುಂಕುಮವನ್ನು ನಾನೇ ಒರೆಸಿದ ಹಾಗೆ. ಅತ್ತೆಯ ನಿಂಬೆಹಣ್ಣು, ತಾಯತಗಳನ್ನು ಮನಸ್ಸಿನಲ್ಲೇ ಹೀಯಾಳಿಸುತ್ತಿದ್ದ ನಾನು, ಒಂದು ಬೊಟ್ಟು ಕುಂಕುಮದ ಮುಂದೆ ಬೆವೆತು ನಿಂತಿದ್ದೆ. ಕೊನೆಗೆ ಸೆರಗು ಇಳಿಸಿ, ಪಟವನ್ನು ಹಾಗೇ ಬಿಟ್ಟು, ಮಗಳನ್ನು ಎತ್ತಿಕೊಂಡು ಬಂದೆ.

ಅಜ್ಜಿಯೂ ಈಗಿಲ್ಲ. ಆ ಮನೆಯನ್ನು ಯಾರಿಗೋ ಮಾರಿದರೆಂದು ಕೇಳಿದೆ. ಪಟ ಏನಾಯಿತೆಂದು ವಿಚಾರಿಸಲು ನನಗೆ ಇವತ್ತಿಗೂ ಮನಸ್ಸು ಗಟ್ಟಿಯಾಗಿಲ್ಲ. ಮಗಳು ಈಗ ಕಾಲೇಜಿಗೆ ಹೋಗುತ್ತಾಳೆ. ತನಗೊಬ್ಬ ಅಣ್ಣ ಇದ್ದನೆಂದು ಅವಳಿಗೆ ಗೊತ್ತು, ತಾತನ ವಿಷಯ ಗೊತ್ತಿಲ್ಲ. ಇದನ್ನು ಓದಿದರೆ ಗೊತ್ತಾಗಲಿ.

ಅವಲಪಲ್ಲಿಯಿಂದ ಉದ್ದನಪಲ್ಲಿಗೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಆರು ವರ್ಷದಲ್ಲಿ ಯಾವ ದಿನವಾದರೂ ನಾನು ಆ ಬಸ್ಸು ಹತ್ತಬಹುದಿತ್ತು. ಮಾತೂ ಬೇಕಿರಲಿಲ್ಲ, ಅವರ ಬಾಗಿಲಲ್ಲಿ ಹೋಗಿ ನಿಂತಿದ್ದರೆ ಸಾಕಿತ್ತು. ನನ್ನನ್ನು ಉಳಿಸಲು ನೋಡಿದ ಒಬ್ಬನೇ ಮನುಷ್ಯ, ನನ್ನನ್ನು ತಾನೇ ಕೊಂದೆನೆಂದು ನಂಬಿಕೊಂಡು ಸತ್ತ.